ಎರಡು ಬೆರಳಷ್ಟು ಕಡಿಮೆ

ಮಗನಿಗೆ ಎಂಟು, ಮಗಳಿಗೆ ನಾಲ್ಕು. ಬೇಸಿಗೆ ರಜೆಗೆ ಫ್ಲಾರಿಡಾದ ಒರ್ಲ್ಯಾಂಡೊದ ಥೀಮ್ ಪಾರ್ಕ್‌ಗಳಿಗೆ ಹೋಗುವ ಆಸೆ. ಆದರೆ ರೈಡ್ ಹತ್ತಲು ಮಕ್ಕಳಿಗಿರಬೇಕಾದ ಕನಿಷ್ಠ ಎತ್ತರದ ಮಿತಿ ನೋಡಿ ಉತ್ಸಾಹವೇ ಇಳಿದುಹೋಗಿದೆ, ಮಗಳು ಬೆಳೆಯುವವರೆಗೆ ಕಾಯೋಣವೇ? ನಿನ್ನೆ ನಮ್ಮ ಗುಂಪಿನಲ್ಲಿ ಬಂದ ಈ ಪ್ರಶ್ನೆಗೆ ಎರಡು ಸಾಲು ಬರೆಯಲು ಕುಳಿತೆ. ಹಳೆಯ ಗಾಯ ಕೆದಕಿದಂತಾಗಿ ಉತ್ತರ ಉದ್ದವಾಯಿತು, ಸಹಿಸಿಕೊಳ್ಳಿ.

ಕಾಯಬೇಡಿ. ಮಗಳು ಒಂದು ಗೆರೆ ದಾಟುವಷ್ಟರಲ್ಲಿ ಮಗ ಅದರ ಮೇಲಿನ ಇನ್ನೊಂದು ಗೆರೆಯ ಮುಂದೆ ನಿಂತಿರುತ್ತಾನೆ. ಇಬ್ಬರೂ ಎಲ್ಲವನ್ನೂ ಹತ್ತಬಲ್ಲ ದಿನಕ್ಕಾಗಿ ಕಾದರೆ, ಅಷ್ಟರಲ್ಲಿ ನಿಮ್ಮ ಜೊತೆ ಬರುವ ಮನಸ್ಸು ಅವರಿಗೇ ಇರುವುದಿಲ್ಲ.

ನಮ್ಮ ಕಥೆ ಕೇಳಿ. ಮಗಳಿಗೆ ಐದು ತುಂಬಲು ಎರಡು ತಿಂಗಳಿತ್ತು. ಮನೆಯ ಗೋಡೆಯ ಮೇಲಿನ ಪೆನ್ಸಿಲ್ ಗೆರೆಯ ಪ್ರಕಾರ ಅವಳ ಎತ್ತರ 107 ಸೆಂಟಿಮೀಟರ್. ಅವಳು ತಿಂಗಳಿಂದ ಕನವರಿಸುತ್ತಿದ್ದ ರೈಡ್‌ನ ಮಿತಿ 42 ಇಂಚು, ಅಂದರೆ ಸರಿಯಾಗಿ 107. ಲೆಕ್ಕ ಕೂಡಿಬಂತೆಂದು ನಾನೇ ಅವಳಿಗೆ ಮಾತು ಕೊಟ್ಟೆ. ಸಾಲಿನ ಬಾಯಲ್ಲಿ ನೂಕುನುಗ್ಗಲು, ಯಾರೂ ಅಳೆಯಲಿಲ್ಲ. ಮುಕ್ಕಾಲು ಗಂಟೆ ನಿಂತೆವು. ಇನ್ನೇನು ಹತ್ತಬೇಕು ಎನ್ನುವಾಗ ಅಲ್ಲಿದ್ದ ಹುಡುಗಿ ಎತ್ತರ ಅಳೆಯುವ ಕೋಲು ತಂದು ಮಗಳ ಪಕ್ಕಕ್ಕೆ ಹಿಡಿದಳು. ಕೋಲಿಗೂ ತಲೆಗೂ ನಡುವೆ ಎರಡು ಬೆರಳು ತೂರುವಷ್ಟು ಜಾಗ. ನನ್ನ ಗಂಡ ವಾದಕ್ಕಿಳಿದರು. ಆ ಹುಡುಗಿ ಸಭ್ಯವಾಗಿ, ಒಂದೇ ಮಾತನ್ನು ನಾಲ್ಕು ಸಲ ಹೇಳಿದಳು. ಹಿಂದಿನವರೆಲ್ಲ ನಮ್ಮನ್ನೇ ನೋಡುತ್ತಿದ್ದರು. ಮಗ ಮಾತ್ರ ಅಪ್ಪನ ಕೈ ಹಿಡಿದು ಒಳಗೆ ಹೋದ, ಹೋಗುವಾಗ ತಂಗಿಗೆ ‘ನೀನಿನ್ನೂ ಪಾಪು’ ಎಂದು ಹೇಳಿಯೇ ಹೋದ.

ಆ ರಾತ್ರಿ ಅವಳು ಕೇಳಿದ್ದು ರೈಡ್ ಬಗ್ಗೆ ಅಲ್ಲ. ‘ಅಮ್ಮಾ, ನಾನು ಕುಳ್ಳಿಯೇ?’

ತಪ್ಪು ಆ ಹುಡುಗಿಯದಲ್ಲ, ನನ್ನದು. ಮೊದಲನೆಯದಾಗಿ ಅಳತೆಯೇ ತಪ್ಪಾಗಿತ್ತು. ಜುಟ್ಟು ಬಿಚ್ಚದೆ, ತಲೆಯ ಮೇಲೆ ಪುಸ್ತಕವನ್ನು ಓರೆಯಾಗಿ ಇಟ್ಟು ಗೆರೆ ಎಳೆದಿದ್ದೆ. ಅವಳೋ ಎತ್ತರವಾಗುವ ಹುಮ್ಮಸ್ಸಿನಲ್ಲಿ ಹಿಮ್ಮಡಿ ಎತ್ತಿದ್ದಳೆಂದು ಕಾಣುತ್ತದೆ. ಎರಡನೆಯದಾಗಿ, ಆ ಕೋಲು ಏನನ್ನು ಅಳೆಯುತ್ತದೆ ಎಂಬುದು ನನಗೇ ತಿಳಿದಿರಲಿಲ್ಲ. ನಾನೂ ಅದನ್ನು ಒಂದು ಪರೀಕ್ಷೆಯೆಂದೇ ಭಾವಿಸಿದ್ದೆ, ಅವಳಿಗೂ ಹಾಗೆಯೇ ಕಲಿಸಿದ್ದೆ.

ಕೋಲು ಮಗುವಿನ ಬೆಳವಣಿಗೆಯನ್ನು ಅಳೆಯುವುದಿಲ್ಲ. ಆಸನ, ತೊಡೆಯ ಮೇಲೆ ಇಳಿಯುವ ಸರಳು, ಭುಜದ ಪಟ್ಟಿ, ಇವು ಈ ದೇಹವನ್ನು ಹಿಡಿದಿಟ್ಟುಕೊಳ್ಳಬಲ್ಲವೇ ಎಂಬುದಷ್ಟೇ ಅದರ ಪ್ರಶ್ನೆ. ರೋಲರ್ ಕೋಸ್ಟರ್ ದಿಬ್ಬ ಹತ್ತಿ ಧುಮುಕುವಾಗ ದೇಹ ಆಸನದಿಂದ ಮೇಲೇಳಲು ನೋಡುತ್ತದೆ. ದೊಡ್ಡವರಾದರೆ ಸರಳು ತೊಡೆಯನ್ನು ಒತ್ತಿ ಹಿಡಿಯುತ್ತದೆ, ಮಂಡಿ ಆಸನದ ಅಂಚಿನಲ್ಲಿ ಮಡಚಿಕೊಳ್ಳುತ್ತದೆ, ಪಾದ ನೆಲಕ್ಕೆ ಊರುತ್ತದೆ. ಚಿಕ್ಕ ಮಗುವಿನ ಕಾಲು ಆಸನದ ಮೇಲೆ ನೇರವಾಗಿ ಚಾಚಿರುತ್ತದೆ, ತೊಡೆ ತೆಳ್ಳಗೆ, ಮೈಗೆ ಹೋಲಿಸಿದರೆ ತಲೆ ಭಾರ. ಒಂದೇ ಸರಳಿನ ಕೆಳಗೆ ತಂದೆಯೂ ಮಗುವೂ ಕುಳಿತರಂತೂ ಸರಳು ತಂದೆಯ ತೊಡೆಗೆ ತಗುಲಿ ನಿಲ್ಲುತ್ತದೆ, ಮಗುವಿನ ಮೇಲೆ ಗೇಣುದ್ದದ ಖಾಲಿ ಜಾಗ ಉಳಿಯುತ್ತದೆ. ‘ನಾನು ಗಟ್ಟಿಯಾಗಿ ಹಿಡಿದುಕೊಳ್ಳುತ್ತೇನೆ’ ಎನ್ನುವ ಮಾತಿಗೆ ಅಲ್ಲಿ ಬೆಲೆಯಿಲ್ಲ. ವೇಗದಲ್ಲಿ ತಿರುಗುವ ಬಂಡಿಯಲ್ಲಿ ಮಗುವಿನ ತೂಕ ತೋಳಿಗೆ ಹಲವು ಪಟ್ಟಾಗಿ ಬೀಳುತ್ತದೆ.

ಹಾಗಾದರೆ ತೊಡೆಯನ್ನೋ ಕುಳಿತಾಗಿನ ಎತ್ತರವನ್ನೋ ಅಳೆಯಬಾರದೇ? ಸಾವಿರಾರು ಜನರ ಸಾಲಿನಲ್ಲಿ ಒಬ್ಬೊಬ್ಬರನ್ನೂ ಹಾಗೆ ಅಳೆಯಲಾಗದು. ಎತ್ತರ ಒಂದು ಕ್ಷಣದಲ್ಲಿ ನೋಡಬಹುದಾದದ್ದು, ಉಳಿದ ಅಳತೆಗಳನ್ನು ಅದರಿಂದ ಅಂದಾಜಿಸಬಹುದು. ಅಮೆರಿಕದಲ್ಲಿ ರೈಡ್‌ಗಳ ಸುರಕ್ಷತೆಯ ಮಾನದಂಡಗಳನ್ನು ಎಎಸ್‌ಟಿಎಂ ಎಂಬ ಸಂಸ್ಥೆಯ ಎಫ್24 ಸಮಿತಿ 1978ರಿಂದ ರೂಪಿಸುತ್ತಿದೆ. ಯುರೋಪಿನವರಿಗೆ ಇಎನ್ 13814 ಎಂಬ ಮಾನದಂಡವಿದೆ. ರೈಡ್ ತಯಾರಿಸಿದವರು ಹೇಳಿದ ಮಿತಿಯನ್ನು ಪಾರ್ಕಿನವರು ಇನ್ನಷ್ಟು ಬಿಗಿ ಮಾಡಬಹುದು, ಸಡಿಲಿಸುವಂತಿಲ್ಲ. ಬಾಗಿಲಲ್ಲಿ ನಿಂತ ಹದಿನೆಂಟರ ಹುಡುಗಿಯ ಕೈಯಲ್ಲಿ ಏನೂ ಇಲ್ಲ ಎಂಬುದು ನನ್ನ ಗಂಡನಿಗೆ ಆಮೇಲೆ ಅರ್ಥವಾಯಿತು. ಪುಣ್ಯಕ್ಕೆ ಅವಳು ಕರಗಲಿಲ್ಲ.

ಈ ಮಾತಿನ ಜೊತೆಗೇ ಇನ್ನೊಂದು. ಹಿಂದೊಮ್ಮೆ ಇದೇ ಗುಂಪಿನಲ್ಲಿ ಯಾರೋ ದಪ್ಪ ಅಟ್ಟೆಯ ಬೂಟು ಹಾಕಿಸಿ, ಒಳಗೆ ಮಡಚಿದ ಕಾಲುಚೀಲ ತುರುಕಿ ಎಂದು ಉಪಾಯ ಹೇಳಿದ್ದರು. ಹತ್ತಾರು ಮಂದಿ ಮೆಚ್ಚಿದ್ದರು ಕೂಡ. ಬೂಟು ತಲೆಯನ್ನು ಎತ್ತರಿಸುತ್ತದೆ, ತೊಡೆಯನ್ನು ದಪ್ಪ ಮಾಡುವುದಿಲ್ಲ. ದಯವಿಟ್ಟು ಬೇಡ.

ಈಗ ನಿಮ್ಮ ಮಕ್ಕಳ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆಯ ಪಟ್ಟಿಯಲ್ಲಿ ನಾಲ್ಕು ತುಂಬಿದ ಹೆಣ್ಣುಮಗುವಿನ ಮಧ್ಯಮ ಎತ್ತರ 102.7 ಸೆಂಟಿಮೀಟರ್, ಐದು ತುಂಬಿದಾಗ 109.4. ಇದು ನಡುವಿನ ಅಂಕಿ ಮಾತ್ರ. ಐದು ವರ್ಷದ ಆರೋಗ್ಯವಂತ ಹುಡುಗಿಯರು 100ರಿಂದ 119ರವರೆಗೂ ಇರುತ್ತಾರೆ. ವಯಸ್ಸು ನೋಡಿ ರೈಡ್ ಆರಿಸಬಾರದು ಎನ್ನುವುದು ಇದಕ್ಕಾಗಿಯೇ. ಈ ವಯಸ್ಸಿನಲ್ಲಿ ವರ್ಷಕ್ಕೆ ಆರೇಳು ಸೆಂಟಿಮೀಟರ್ ಬೆಳೆಯುತ್ತಾರೆ, ಅಂದರೆ ಆರು ತಿಂಗಳು ಕಾದರೂ ದಕ್ಕುವುದು ಒಂದೂಕಾಲು ಇಂಚು.

ವಾಲ್ಟ್ ಡಿಸ್ನಿ ವರ್ಲ್ಡ್‌ನಲ್ಲಿ ನಿಮ್ಮ ಮಗಳಿಗೆ ಮುಖ್ಯವಾದ ಮೆಟ್ಟಿಲುಗಳು ಮೂರು. 35 ಇಂಚಿಗೆ ಬಾರ್ನ್‌ಸ್ಟಾರ್ಮರ್ ಎಂಬ ಪುಟ್ಟ ಕೋಸ್ಟರ್ ಸಿಗುತ್ತದೆ. 38 ಇಂಚು, ಅಂದರೆ 97 ಸೆಂಟಿಮೀಟರ್ ದಾಟಿದರೆ ಸೆವೆನ್ ಡ್ವಾರ್ಫ್ಸ್ ಮೈನ್ ಟ್ರೈನ್, ಸ್ಲಿಂಕಿ ಡಾಗ್ ಡ್ಯಾಶ್, ನೀರು ಎರಚುವ ಕಾಲಿ ರಿವರ್ ರ್‍ಯಾಪಿಡ್ಸ್. 40 ಇಂಚಿಗೆ ಸೋರಿನ್ ಇದೆ. ಟವರ್ ಆಫ್ ಟೆರರ್ ಕೂಡ ಇದೆ, ಆದರೆ ಕತ್ತಲಲ್ಲಿ ಲಿಫ್ಟ್ ಕಳಚಿ ಬೀಳುವ ಅನುಭವವನ್ನು ನಾಲ್ಕು ವರ್ಷದವಳಿಗೆ ಕೊಡುವುದು ನನಗಂತೂ ಒಪ್ಪಿಗೆಯಿಲ್ಲ. ಹತ್ತಬಹುದು ಎಂದ ಮಾತ್ರಕ್ಕೆ ಹತ್ತಿಸಲೇಬೇಕೆಂದೇನೂ ಇಲ್ಲ. ಪೀಟರ್ ಪ್ಯಾನ್ಸ್ ಫ್ಲೈಟ್, ಡಂಬೋ, ಹಾಂಟೆಡ್ ಮ್ಯಾನ್ಷನ್, ಕಿಲಿಮಂಜಾರೊ ಸಫಾರಿ ಇವಕ್ಕೆಲ್ಲ ಎತ್ತರದ ಮಿತಿಯೇ ಇಲ್ಲ. ಒಂದು ದಿನ ತುಂಬಲು ಅಷ್ಟೇ ಸಾಕು.

ಮಗನ ಬಗ್ಗೆ ನೀವು ನಿಶ್ಚಿಂತೆಯಿಂದ ಇದ್ದಂತಿದೆ. ಒಮ್ಮೆ ನೋಡಿಕೊಳ್ಳಿ. ಎಂಟು ತುಂಬಿದ ಹುಡುಗನ ಮಧ್ಯಮ ಎತ್ತರ ಸುಮಾರು 127. ಡಿಸ್ನಿಯ ಟ್ರಾನ್ ಕೋಸ್ಟರ್‌ನ ಮಿತಿ 48 ಇಂಚು, 122 ಸೆಂಟಿಮೀಟರ್, ಅದು ಸಿಗಬಹುದು. ಒರ್ಲ್ಯಾಂಡೊದ ಇನ್ನೊಂದು ಪಾರ್ಕ್ ಯೂನಿವರ್ಸಲ್‌ನಲ್ಲಿ ವೆಲಾಸಿಕೋಸ್ಟರ್ 51 ಇಂಚು, ಹಲ್ಕ್ ಎಂಬ ಕೋಸ್ಟರ್ 54 ಇಂಚು. ಶಾಲೆಯ ಗೆಳೆಯರು ಹಲ್ಕ್ ಎಂದು ತಲೆಕೆಡಿಸಿ ಕಳುಹಿಸಿದ್ದರೆ ಅಳುವವನು ಅವನೇ ಆದಾನು. ಇನ್ನೊಂದು ತಮಾಷೆ: ಡಿಸ್ನಿಯ ಮ್ಯಾಜಿಕ್ ಕಿಂಗ್‌ಡಂನ ಟುಮಾರೊಲ್ಯಾಂಡ್ ಸ್ಪೀಡ್‌ವೇಯಲ್ಲಿ 32 ಇಂಚಿನ ಮಗುವೂ ಕಾರಿನಲ್ಲಿ ಕೂರಬಹುದು, ಒಂಟಿಯಾಗಿ ಓಡಿಸಲು ಮಾತ್ರ 54 ಇಂಚು ಬೇಕು. ಅಂದರೆ ಮಗ ಅಪ್ಪನ ಪಕ್ಕದಲ್ಲೇ ಕೂರಬೇಕು. ಇದನ್ನು ಮೊದಲೇ ಹೇಳಿಡಿ.

ಹೆಸರು ಒಂದೇ ಎಂದು ಮಿತಿಯೂ ಒಂದೇ ಎಂದುಕೊಳ್ಳಬೇಡಿ. ಸ್ಪೇಸ್ ಮೌಂಟನ್ ಫ್ಲಾರಿಡಾದಲ್ಲಿ 44 ಇಂಚು, ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್‌ನಲ್ಲಿ 40. ಹಳಿ ಬೇರೆ, ಬಂಡಿಯೂ ಬೇರೆ. ಕ್ಯಾಲಿಫೋರ್ನಿಯಾದಲ್ಲಿ ಇಬ್ಬರು ಪಕ್ಕಪಕ್ಕ, ಫ್ಲಾರಿಡಾದಲ್ಲಿ ಒಬ್ಬರ ಹಿಂದೆ ಒಬ್ಬರು. ಕ್ಯಾಲಿಫೋರ್ನಿಯಾದ ನೆಂಟರ ಮಗು ಹತ್ತಿತಲ್ಲ ಎನ್ನುವ ವಾದ ಫ್ಲಾರಿಡಾದಲ್ಲಿ ನಡೆಯುವುದಿಲ್ಲ. ಬ್ರಿಟನ್ನಿನ ನಮ್ಮ ಸದಸ್ಯರಿಗೆ ಅಂಕಿಗಳು ಮೀಟರಿನಲ್ಲಿರುತ್ತವೆ: ಆಲ್ಟನ್ ಟವರ್ಸ್‌ನ ನೆಮೆಸಿಸ್, ಸ್ಮೈಲರ್ ಎರಡಕ್ಕೂ 1.4. ಪೆನ್ಸಿಲ್ವೇನಿಯಾದ ಹರ್ಷೀಪಾರ್ಕ್ ಅಂಕಿಯ ಬದಲು ಮಿಠಾಯಿಯ ಹೆಸರಿಟ್ಟಿದೆ. 36ರಿಂದ 42 ಇಂಚಿನೊಳಗಿನವರು ಕಿಸ್, 42ರಿಂದ 48ರೊಳಗಿನವರು ರೀಸಸ್, ಹೀಗೆ. ‘ನಾನು ಈ ಸಲ ಕಿಸ್, ಮುಂದಿನ ಸಲ ರೀಸಸ್’ ಎಂದು ಮಕ್ಕಳು ಕುಣಿಯುತ್ತವೆ. ಯಾರ ತಲೆಗೆ ಹೊಳೆಯಿತೋ, ಅವರ ಮನೆಯಲ್ಲಿ ಚಿಕ್ಕ ಮಕ್ಕಳಿದ್ದಿರಬೇಕು.

ಮನೆಯಲ್ಲಿ ಅಳೆಯುವಾಗ ಬರಿಗಾಲಿನಲ್ಲಿ ನಿಲ್ಲಿಸಿ, ಜುಟ್ಟು ಬಿಚ್ಚಿ, ಹಿಮ್ಮಡಿ ಗೋಡೆಗೆ ತಾಗಿಸಿ, ಮೂಲೆಮಟ್ಟದಂಥದ್ದೇನಾದರೂ ತಲೆಯ ಮೇಲೆ ಇಟ್ಟು ಗೆರೆ ಎಳೆಯಿರಿ. ಅದೂ ಸಂಜೆ. ಬೆಳಗ್ಗೆ ಏಳುವಾಗಿನ ಎತ್ತರ ಸಂಜೆಗೆ ಇರುವುದಿಲ್ಲ; ದಿನವಿಡೀ ನಿಂತು ನಡೆದು ಬೆನ್ನುಮೂಳೆಯ ನಡುವಿನ ಮೆತ್ತೆಗಳು ಒತ್ತಿಕೊಂಡು ಒಂದು ಸೆಂಟಿಮೀಟರಿನವರೆಗೆ ಕುಗ್ಗುವುದುಂಟು. ಸಂಜೆಯ ಅಳತೆಗೂ ಮಿತಿ ದಾಟಿದ್ದರೆ ಧೈರ್ಯವಾಗಿ ಮಾತು ಕೊಡಬಹುದು. ಕೂದಲೆಳೆಯಷ್ಟು ಅಂತರವಿದ್ದರೆ ಮಾತು ಕೊಡಬೇಡಿ. ಬೆಳಗ್ಗೆ ಬಾಗಿಲು ತೆರೆಯುತ್ತಿದ್ದಂತೆ ಅದೇ ರೈಡ್‌ಗೆ ಹೋಗಿ, ಸಾಲಿಗೆ ಸೇರುವ ಮುನ್ನವೇ ಅಳೆಯಲು ಹೇಳಿ. ಮುಕ್ಕಾಲು ಗಂಟೆ ನಿಂತ ಮೇಲೆ ಬರುವ ‘ಇಲ್ಲ’ಕ್ಕೂ ಮೊದಲೇ ಬರುವ ‘ಇಲ್ಲ’ಕ್ಕೂ ಬಹಳ ವ್ಯತ್ಯಾಸವಿದೆ.

ಇಬ್ಬರು ಮಕ್ಕಳಿರುವ ಮನೆಗೆ ನಿಜವಾದ ಆಸರೆ ಡಿಸ್ನಿಯ ರೈಡರ್ ಸ್ವಿಚ್, ಯೂನಿವರ್ಸಲ್‌ನ ಚೈಲ್ಡ್ ಸ್ವಾಪ್. ಡಿಸ್ನಿಯಲ್ಲಿ ಬಾಗಿಲಲ್ಲಿರುವವರಿಗೆ ಚಿಕ್ಕ ಮಗುವನ್ನು ತೋರಿಸಿ ಹೇಳಿದರೆ, ಒಬ್ಬರು ಹತ್ತಿ ಬರುವವರೆಗೆ ಇನ್ನೊಬ್ಬರು ಮಗುವಿನ ಜೊತೆ ಹೊರಗೆ ತಿರುಗಾಡಬಹುದು. ಆಮೇಲೆ ಇವರು ಪೂರ್ತಿ ಸಾಲು ನಿಲ್ಲದೆ ಹೋಗಬಹುದು. ಯೂನಿವರ್ಸಲ್‌ನಲ್ಲಿ ಇಡೀ ಕುಟುಂಬ ಒಟ್ಟಿಗೆ ಸಾಲಿನಲ್ಲಿ ನಡೆದು, ಹತ್ತುವ ಜಾಗದ ಪಕ್ಕದ ಕೋಣೆಯಲ್ಲಿ ಅದಲುಬದಲಾಗುತ್ತದೆ. ಹ್ಯಾರಿ ಪಾಟರ್‌ನ ಫರ್ಬಿಡನ್ ಜರ್ನಿ ರೈಡ್‌ನಲ್ಲಿ ಅದೇ ಲಾಭ: ಕೋಟೆಯೊಳಗಿನ ಮಾತನಾಡುವ ಭಾವಚಿತ್ರಗಳನ್ನು ಚಿಕ್ಕವರೂ ನೋಡುತ್ತಾರೆ. ಕೇಳದಿದ್ದರೆ ಯಾರೂ ಕರೆದು ಕೊಡುವುದಿಲ್ಲ, ನೀವೇ ಬಾಯಿಬಿಡಬೇಕು. ಡಿಸ್ನಿಯಲ್ಲಿ ಏಳು ತುಂಬದ ಮಗು ರೈಡ್ ಹತ್ತಬೇಕಾದರೆ ಹದಿನಾಲ್ಕು ತುಂಬಿದವರೊಬ್ಬರು ಜೊತೆಗಿರಬೇಕೆಂಬ ನಿಯಮವೂ ನೆನಪಿರಲಿ.

ಈ ಅದಲುಬದಲಿನಲ್ಲಿ ಒಂದು ಅನ್ಯಾಯವಿದೆ. ದೊಡ್ಡ ಮಗು ಅಪ್ಪನ ಜೊತೆ ಒಮ್ಮೆ, ಅಮ್ಮನ ಜೊತೆ ಇನ್ನೊಮ್ಮೆ ಹತ್ತಿ ಎರಡು ಸಲ ಮೆರೆಯುತ್ತದೆ; ಚಿಕ್ಕದಕ್ಕೆ ಸೊನ್ನೆ. ನಮ್ಮ ಮನೆಯಲ್ಲಿ ಎರಡನೇ ಪ್ರವಾಸದ ಹೊತ್ತಿಗೆ ಒಪ್ಪಂದವಾಯಿತು: ಅಣ್ಣ ಎರಡು ಸಲ ಹತ್ತಿದರೆ, ಮುಂದಿನ ಎರಡು ರೈಡ್ ತಂಗಿಯ ಆಯ್ಕೆ, ಅಣ್ಣ ಗೊಣಗದೆ ಬರಬೇಕು. ಮಗ ಡಂಬೋ ಆನೆಯ ಮೇಲೆ ಮುಖ ಗಂಟಿಕ್ಕಿಕೊಂಡು ಕುಳಿತ ಫೋಟೊ ನಮ್ಮ ಫ್ರಿಜ್ಜಿನ ಮೇಲಿದೆ. ಕಾಯುವ ಹೊತ್ತಿಗೂ ಚಿಕ್ಕವರಿಗೆ ಕೆಲಸ ಬೇಕು. ನಮ್ಮವಳಿಗೆ ಬಂಡಿ ಇಳಿದವರ ಮುಖ ನೋಡಿ ಯಾರು ಅತ್ತಿದ್ದಾರೆ, ಯಾರು ನಕ್ಕಿದ್ದಾರೆ ಎಂದು ಎಣಿಸುವ ಹುದ್ದೆ ಕೊಟ್ಟೆವು. ಅಪ್ಪನನ್ನು ಅವಳು ಅತ್ತವರ ಪಟ್ಟಿಗೆ ಸೇರಿಸಿದಳು.

ಕುಳ್ಳಿಯೇ ಎಂಬ ಪ್ರಶ್ನೆಗೆ ಆ ರಾತ್ರಿ ನಾನು ಕೊಟ್ಟ ಉತ್ತರ ಚೆನ್ನಾಗಿರಲಿಲ್ಲ. ‘ಮುಂದಿನ ವರ್ಷ ಎತ್ತರ ಆಗುತ್ತೀಯ’ ಎಂದುಬಿಟ್ಟಿದ್ದೆ. ಮರುದಿನ ಕಾರಿನಲ್ಲಿ ಅವಳದೇ ಸೀಟು ತೋರಿಸಿದೆ. ಅಣ್ಣನ ಬೆಲ್ಟ್ ಅವಳಿಗೆ ಹಾಕಿದರೆ ಕತ್ತಿನ ಮೇಲೆ ಬರುತ್ತದೆ, ಅದಕ್ಕೇ ಅವಳಿಗೆ ಬೇರೆ ಸೀಟು. ಆ ಬಂಡಿಯಲ್ಲಿ ಅವಳ ಅಳತೆಯ ಸೀಟನ್ನು ಅವರು ಇಟ್ಟಿಲ್ಲ, ಅಷ್ಟೇ. ಅವಳು ಸ್ವಲ್ಪ ಯೋಚಿಸಿ, ‘ಹಾಗಾದರೆ ಅವರದೇ ತಪ್ಪು’ ಎಂದಳು. ನಾನು ತಿದ್ದಲಿಲ್ಲ.

ಎರಡು ವರ್ಷದ ನಂತರ ಅದೇ ರೈಡ್‌ಗೆ ಮತ್ತೆ ಹೋದೆವು. ಕೋಲಿಗಿಂತ ನಾಲ್ಕು ಬೆರಳು ಮೇಲಿದ್ದಳು. ಸಾಲು ಮುಗಿಸಿ ಹತ್ತುವ ಜಾಗಕ್ಕೆ ಬಂದಾಗ ಮೇಲಿನಿಂದ ಕಿರುಚಾಟ ಕೇಳಿಸಿತು. ನನ್ನ ಕೈ ಬಿಗಿಯಾಗಿ ಹಿಡಿದು, ‘ಇವತ್ತು ಬೇಡ’ ಎಂದಳು. ಗಂಡನ ಮುಖದಲ್ಲಿ ಎರಡು ವರ್ಷದ ಕಾಯುವಿಕೆ ಕಾಣುತ್ತಿತ್ತು, ಆದರೂ ಈ ಸಲ ಅವರು ವಾದಿಸಲಿಲ್ಲ. ಪಕ್ಕದ ಬಾಗಿಲಿನಿಂದ ಹೊರಗೆ ಬಂದೆವು.

ನೀವು ಇವತ್ತು ಸಂಜೆಯೇ ಇಬ್ಬರನ್ನೂ ಅಳೆದು ಇಲ್ಲಿ ಬರೆಯಿರಿ. ಮಿತಿಗಳು ಆಗೀಗ ಬದಲಾಗುವುದರಿಂದ ಹೊರಡುವ ವಾರ ಆಯಾ ಪಾರ್ಕಿನ ಆ್ಯಪ್‌ನಲ್ಲಿ ಇನ್ನೊಮ್ಮೆ ನೋಡಿಕೊಳ್ಳಿ. ಮಗಳು 97 ದಾಟಿದ್ದರೆ ಸ್ಲಿಂಕಿ ಡಾಗ್‌ನಿಂದ ಶುರುಮಾಡುವ ಒಂದು ದಿನದ ಓಡಾಟ ನನ್ನ ಬಳಿ ಇದೆ, ಕಳುಹಿಸುತ್ತೇನೆ. ದಾಟಿರದಿದ್ದರೆ ಅದಕ್ಕೂ ಒಂದಿದೆ, ಮತ್ತು ಅದರಲ್ಲಿ ನಿಲ್ಲಬೇಕಾದ ಸಾಲುಗಳು ಕಡಿಮೆ.