ಸಹಾಯ ಬೇಕು: ‘ನೇವಿ ಬ್ಲೂ ಅಂಡ್ ಗೋಲ್ಡ್’ ಚಿತ್ರದ ಸಬ್‌ಟೈಟಲ್

ಪುಣೆಯ ಕನ್ನಡ ಬಂಧುಗಳಿಗೆ ನಮಸ್ಕಾರ. 1937ರಲ್ಲಿ ಹಾಲಿವುಡ್‌ನ ಎಂಜಿಎಂ ಸ್ಟುಡಿಯೊ ತಯಾರಿಸಿ, ಸ್ಯಾಮ್ ವುಡ್ ನಿರ್ದೇಶಿಸಿದ ‘ನೇವಿ ಬ್ಲೂ ಅಂಡ್ ಗೋಲ್ಡ್’ ಎಂಬ ಕಪ್ಪುಬಿಳುಪು ಚಿತ್ರದ ಧ್ವನಿ ಸ್ಪಷ್ಟವಿರುವ ಡಿವಿಡಿಯಾಗಲಿ, ಇಂಗ್ಲಿಷ್ ಸಬ್‌ಟೈಟಲ್ ಫೈಲ್ ಆಗಲಿ ಯಾರ ಬಳಿಯಾದರೂ ಇದ್ದರೆ ದಯವಿಟ್ಟು ತಿಳಿಸಿ.

ಅಮೆರಿಕದ ಅನಾಪೊಲಿಸ್ ನೌಕಾ ಅಕಾಡೆಮಿಗೆ ಸೇರಿ, ಅಲ್ಲಿನ ಫುಟ್‌ಬಾಲ್ ತಂಡದಲ್ಲಿ ಆಡುವ ಮೂವರು ಯುವಕರ ಕಥೆಯಿದು. ಫುಟ್‌ಬಾಲ್ ಚಿತ್ರವೆಂದು ಇದನ್ನು ಬದಿಗಿಡುವುದು ಅನ್ಯಾಯವೆಂದೇ ನನ್ನ ಭಾವನೆ. ಏಕೆಂದರೆ ಇದರ ಜೀವಾಳವಿರುವುದು, ನೌಕಾಪಡೆಯಿಂದ ಕಳಂಕ ಹೊತ್ತು ಹೊರಬಿದ್ದ ಅಧಿಕಾರಿಯ ಮಗ (ಈ ಪಾತ್ರದಲ್ಲಿ ನಟ ಜೇಮ್ಸ್ ಸ್ಟೀವರ್ಟ್) ಬೇರೆ ಹೆಸರಿನಲ್ಲಿ ಅದೇ ಪಡೆಯ ಬಾಗಿಲಿಗೆ ಬರುವುದರಲ್ಲಿ. ತರಗತಿಯಲ್ಲಿ ತಂದೆಯ ಪ್ರಕರಣದ ಮಾತು ಬಂದಾಗ ಸುಮ್ಮನಿರಲಾರದೆ ಅವನು ಎದ್ದು ನಿಲ್ಲುತ್ತಾನೆ.

ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯಲ್ಲಿ ನೌಕಾ ಕೆಡೆಟ್ ಆಗಿದ್ದ ನಮ್ಮ ತಂದೆಯವರಿಗೆ ಈಗ ಕಿವಿ ಮಂದವಾಗಿದೆ. ನಮ್ಮಲ್ಲಿರುವ ಪ್ರತಿಯಲ್ಲಿ ಮಾತಿಗಿಂತ ಗೊರಗೊರ ಸದ್ದೇ ಹೆಚ್ಚು. ಆ ದೃಶ್ಯದಲ್ಲಿ ಅವರು ಅಂಗೈಯನ್ನು ಕಿವಿಗೆ ಆನಿಸಿಕೊಂಡು ಪರದೆಯತ್ತ ಬಾಗಿ, ಮೂರು ಸಲ ಹಿಂದಕ್ಕೆ ಹಾಕಿಸಿ, ಕೊನೆಗೆ “ಏನಂದನಪ್ಪಾ ಅವನು?” ಎಂದು ನನ್ನನ್ನೇ ಕೇಳಿದರು. ನನಗೂ ಪೂರ್ತಿ ಕೇಳಿಸಿರಲಿಲ್ಲ.

ಅಮೆರಿಕದ ಡಿವಿಡಿಯಾದರೂ ತೊಂದರೆಯಿಲ್ಲ, ಎಲ್ಲ ರೀಜನ್‌ಗಳ ಡಿಸ್ಕ್ ಓಡುವ ಪ್ಲೇಯರ್ ಮನೆಯಲ್ಲಿದೆ. ಕೋಥ್ರೂಡ್, ಡೆಕ್ಕನ್, ಪಿಂಪ್ರಿ ಎಲ್ಲಿಗಾದರೂ ನಾನೇ ಬಂದು ಒಯ್ದು, ವಾರದೊಳಗೆ ಜೋಪಾನವಾಗಿ ಹಿಂದಿರುಗಿಸುತ್ತೇನೆ.