ಮರಿ ಸತ್ತಾಗ ಮಗಳಿಗೆ ಏನು ಹೇಳಬೇಕಿತ್ತು?

ಕೇಳಿದವರು: ಹಿರಿಯೂರು ಹತ್ತಿರದ ಹಳ್ಳಿ, ಕುರಿ ಸಾಕಣೆ

ಬೆಂಗಳೂರು ಬಿಟ್ಟು ಮಾವನವರ ಊರಿಗೆ ಬಂದು ಎರಡು ವರ್ಷವಾಯಿತು. 40 ಕುರಿ, ಎರಡು ಹಸು ಇವೆ. ಮಗಳಿಗೆ ಆರು ವರ್ಷ. ಒಂದು ಕುರಿ ಅವಳಿ ಮರಿ ಹಾಕಿ, ಒಂದನ್ನು ಹತ್ತಿರ ಸೇರಿಸಲಿಲ್ಲ. ಆ ಮರಿಗೆ ಮಗಳೇ ಬಾಟಲಿಯಲ್ಲಿ ಹಾಲು ಕುಡಿಸುತ್ತಿದ್ದಳು. ಹತ್ತನೇ ದಿನ ರಾತ್ರಿ ಸತ್ತಿತು. ಅವಳು ಏಳುವ ಮೊದಲೇ ನಮ್ಮವರು ಹೂತು ಬಂದರು. ನಾನು ಗಾಬರಿಯಲ್ಲಿ "ಅಜ್ಜಿ ಊರಿಗೆ ಕಳಿಸಿದ್ದೇವೆ" ಎಂದುಬಿಟ್ಟೆ. ಈಗ ಭಾನುವಾರ ಅಜ್ಜಿ ಊರಿಗೆ ಹೋಗಲೇಬೇಕು ಎಂದು ಹಟ ಹಿಡಿದಿದ್ದಾಳೆ.

ಇದು ಸಾಲದು ಅಂತ ಯುಗಾದಿ ಬೇರೆ ಬರುತ್ತಿದೆ. ಹಬ್ಬದ ಮರುದಿನ ಬಾಡೂಟ ಮಾಡುವ ಹೊಸತೊಡಕಿಗೆ ಬೆಂಗಳೂರಿನ ವ್ಯಾಪಾರಿ ಐದು ಟಗರು ಹೇಳಿ ಹೋಗಿದ್ದಾನೆ. ಅದರಲ್ಲಿ ಒಂದಕ್ಕೆ ಅವಳು ಬೆಲ್ಲ ಅಂತ ಹೆಸರಿಟ್ಟಿದ್ದಾಳೆ. ನೀವೆಲ್ಲ ನಿಮ್ಮ ಮಕ್ಕಳಿಗೆ ಏನು ಹೇಳಿದಿರಿ?

ತಿಪಟೂರಿನ ತಾಯಿ, ನಾಲ್ಕು ಹಸು

ಅಜ್ಜಿ ಊರಿನ ಮಾತನ್ನು ಇವತ್ತೇ ವಾಪಸ್ ತೆಗೆದುಕೊಳ್ಳಿ ಅಕ್ಕಾ. ನಾನು ಇದಕ್ಕಿಂತ ದೊಡ್ಡ ಎಡವಟ್ಟು ಮಾಡಿದ್ದೆ. ಕರು ಸತ್ತಾಗ "ಮಲಗಿದೆ" ಎಂದೆ. ಆಮೇಲೆ ನಾನು ಮಧ್ಯಾಹ್ನ ಸುಮ್ನೆ ಕಣ್ಣು ಮುಚ್ಚಿದರೂ ಮಗ ಬಂದು ರೆಪ್ಪೆ ಎತ್ತಿ ನೋಡುತ್ತಿದ್ದ. ರಾತ್ರಿ ಅವನೂ ಮಲಗಲೊಲ್ಲ. ಕೊನೆಗೆ ಕೂರಿಸಿಕೊಂಡು ಹೇಳಿದೆ: ಕರು ಸತ್ತಿದೆ. ಸತ್ತರೆ ಉಸಿರಾಡುವುದಿಲ್ಲ, ಹಸಿವಾಗುವುದಿಲ್ಲ, ನೋವಾಗುವುದಿಲ್ಲ, ಮತ್ತೆ ಏಳುವುದಿಲ್ಲ. "ಚಳಿನೂ ಆಗಲ್ವಾ?" ಎಂದು ಕೇಳಿದ. ಇಲ್ಲ ಎಂದೆ. ಎದ್ದು ಆಡಲು ಹೋದ. ಎರಡು ದಿನ ಬಿಟ್ಟು ಅದನ್ನೇ ಮತ್ತೆ ಕೇಳಿದ, ನಾನೂ ಅದನ್ನೇ ಹೇಳಿದೆ. ಹೀಗೆ ಏಳೆಂಟು ಸಲ ಆಗಿರಬೇಕು.

ಚಳ್ಳಕೆರೆ ಕಡೆಯವರು, ಮೂರು ತಲೆಮಾರಿನ ಕುರಿ ಹಟ್ಟಿ

ನಾನು ಬೆಳೆದದ್ದೇ ಕುರಿ ಕೂಡುವ ರೊಪ್ಪದ ಪಕ್ಕದಲ್ಲಿ, ತಂಗಿ. ನಮ್ಮಲ್ಲಿ ಮಕ್ಕಳಿಗೆ ಯಾರೂ ಕೂರಿಸಿ ಹೇಳುತ್ತಿರಲಿಲ್ಲ. ಕೈಗೆ ಕೆಲಸ ಕೊಡುತ್ತಿದ್ದರು.

ನನಗೆ ಏಳು ವರ್ಷವಿದ್ದಾಗ ಒಂದೇ ರಾತ್ರಿ ಎರಡು ಸಾವಾಯಿತು. ಒಂದು ಕುರಿ ಮರಿ ಹಾಕಿ ತಾನು ಸತ್ತಿತು. ಇನ್ನೊಂದರ ಮರಿ ಹುಟ್ಟುವಾಗಲೇ ಸತ್ತಿತ್ತು. ಇಲ್ಲೊಂದು ತಬ್ಬಲಿ ಮರಿ, ಅಲ್ಲೊಂದು ಹಾಲು ತುಂಬಿದ ಕೆಚ್ಚಲು. ಆದರೆ ಕುರಿ ವಾಸನೆಯಿಂದ ತನ್ನ ಮರಿಯ ಗುರುತು ಹಿಡಿಯುತ್ತದೆ, ಬೇರೆಯದನ್ನು ಗುದ್ದಿ ಓಡಿಸುತ್ತದೆ. ಅಜ್ಜ ನನ್ನ ಕೈಗೆ ಲಾಟೀನು ಕೊಟ್ಟು, ಸತ್ತ ಮರಿಯ ಚರ್ಮ ಬಿಡಿಸಿ, ತಬ್ಬಲಿ ಮರಿಗೆ ಅಂಗಿಯ ಹಾಗೆ ತೊಡಿಸಿದರು. ಆ ಕುರಿ ಬಾಲದ ಹತ್ತಿರ ಮೂಸಿತು, ಮತ್ತೆ ಮೂಸಿತು. ಆಮೇಲೆ ಕಾಲು ಅಗಲಿಸಿ ನಿಂತಿತು. ಮರಿ ಬಾಲ ಅಲ್ಲಾಡಿಸುತ್ತಾ ಹಾಲು ಕುಡಿಯಿತು. "ಸತ್ತದ್ದು ಬದುಕಿದ್ದಕ್ಕೆ ಅಂಗಿ ಕೊಟ್ಟಿತು" ಎಂದರು ಅಜ್ಜ, ಕೈ ಒರೆಸಿಕೊಳ್ಳುತ್ತಾ. ಮೂರನೇ ದಿನ ಆ ಚರ್ಮ ತೆಗೆದು ಹೂಳುವ ಕೆಲಸ ನನ್ನದೇ. ವಾಸನೆ ಹೊಡೆಯುತ್ತಿತ್ತು, ಮೂಗು ಮುಚ್ಚಿಕೊಂಡೇ ಹೂತೆ. ಭಯವಾದ ನೆನಪಿಲ್ಲ.

ನಿಮ್ಮ ಮಗಳಿಗೆ ಹೂಳುವಾಗ ಒಂದು ಹಿಡಿ ಮಣ್ಣು ಹಾಕಲು ಬಿಟ್ಟಿದ್ದರೆ ಚೆನ್ನಾಗಿತ್ತು. ಈಗ ಜಾಗವನ್ನಾದರೂ ತೋರಿಸಿ.

ಬೆಲ್ಲನ ವಿಷಯ. ನಮ್ಮ ಹಟ್ಟಿಯಲ್ಲಿ ಹೆಣ್ಣು ಮರಿಗೆ ಮಕ್ಕಳು ಹೆಸರಿಡಬಹುದು, ಟಗರಿಗೆ ಇಡುವಂತಿಲ್ಲ. ಹೆಣ್ಣು ಉಳಿಯುತ್ತದೆ, ಟಗರು ಸಂತೆಗೆ ಹೋಗುತ್ತದೆ. ಇದನ್ನು ಮೊದಲೇ ಹೇಳಿರುತ್ತೇವೆ. ನಿಮ್ಮಲ್ಲಿ ಆಗಲೇ ಹೆಸರು ಬಿದ್ದಿದೆ. ಉಳಿಸಿಕೊಳ್ಳುವ ಮನಸ್ಸಿದ್ದರೆ ಒಂದು ದಾರಿ ಇದೆ. ನಿಮ್ಮದೇ ರೊಪ್ಪದಲ್ಲಿ ಹುಟ್ಟಿದ ಟಗರನ್ನು ಬೀಜಕ್ಕೆ ಇಟ್ಟುಕೊಂಡರೆ ತಾಯಿ, ಅಕ್ಕತಂಗಿಯರ ಮೇಲೇ ಹೋಗುತ್ತದೆ, ತಳಿ ಕೆಡುತ್ತದೆ. ಬೇರೆ ಹಟ್ಟಿಯವರ ಬೀಜದ ಟಗರಿನ ಜೊತೆ ಬದಲಾಯಿಸಿ. ಇಬ್ಬರಿಗೂ ಲಾಭ. ಆದರೆ ಇದನ್ನು ನಿಜವಾಗಿ ಮಾಡುವುದಾದರೆ ಮಾತ್ರ ಮಗಳಿಗೆ ಹೇಳಿ. ವ್ಯಾಪಾರಿಗೆ ಕೊಟ್ಟು "ಬೇರೆ ಹಟ್ಟಿಯಲ್ಲಿದೆ" ಎನ್ನಬೇಡಿ. ಅದು ಇನ್ನೊಂದು ಅಜ್ಜಿ ಊರಾಗುತ್ತದೆ.

ಧಾರವಾಡದ ನಿವೃತ್ತ ಪಶುವೈದ್ಯೆ

ಮೇಲಿನವರ ಅನುಭವ ಓದಿ ಖುಷಿಯಾಯಿತು, ಆದರೆ ಚರ್ಮ ಬಿಡಿಸುವ ಮಾತಿಗೆ ಒಂದು ಎಚ್ಚರಿಕೆ ಸೇರಿಸಲೇಬೇಕು. ಚೆನ್ನಾಗಿದ್ದ ಕುರಿ ದಿಢೀರನೆ ಸತ್ತು, ಮೂಗು ಬಾಯಿಯಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಬರುತ್ತಿದ್ದರೆ ಅದು ನೆರಡಿ ರೋಗ (ಆಂಥ್ರಾಕ್ಸ್) ಇರಬಹುದು. ಮನುಷ್ಯರಿಗೂ ಹರಡುತ್ತದೆ. ಅದನ್ನು ಕೊಯ್ಯಬಾರದು, ಸುಲಿಯಬಾರದು, ಮಗುವನ್ನಂತೂ ಹತ್ತಿರಕ್ಕೂ ಬಿಡಬಾರದು. ಮೊದಲು ಪಶು ಆಸ್ಪತ್ರೆಗೆ ಹೇಳಿ, ಅಥವಾ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ. ಆರು ಅಡಿ ಆಳದ ಗುಂಡಿ ತೆಗೆದು, ಸುಣ್ಣ ಹಾಕಿ ಹೂಳಬೇಕು.

ಇನ್ನೊಂದು ಮಾತು. ನಿಮ್ಮ ಮಗಳು ಬಾಯಿಬಿಟ್ಟು ಕೇಳದಿದ್ದರೂ "ನಾನು ಹಾಲು ಸರಿಯಾಗಿ ಕುಡಿಸಲಿಲ್ಲವಾ?" ಎಂದು ಅವಳ ಮನಸ್ಸಿನಲ್ಲಿ ಇರಬಹುದು. ಬಾಟಲಿ ಹಿಡಿದವಳು ಅವಳೇ ಅಲ್ವಾ? ತಾಯಿ ಸೇರಿಸದ ಮರಿಗಳಿಗೆ ಎಷ್ಟೋ ಸಲ ಗಿಣ್ಣು ಸಿಕ್ಕಿರುವುದಿಲ್ಲ. ಕುರಿಮರಿಗೆ ರೋಗ ತಡೆಯುವ ಶಕ್ತಿ ಹೊಟ್ಟೆಯಲ್ಲಿದ್ದಾಗ ತಾಯಿಯಿಂದ ಬರುವುದಿಲ್ಲ, ಹುಟ್ಟಿದ ಮೊದಲ ಕೆಲವು ಗಂಟೆಗಳಲ್ಲಿ ಗಿಣ್ಣಿನಿಂದಲೇ ಸಿಗಬೇಕು. ಅದು ತಪ್ಪಿದರೆ ಆಮೇಲೆ ಎಷ್ಟು ಹಾಲು ಕುಡಿಸಿದರೂ ಕಷ್ಟ. "ನಿನ್ನಿಂದ ಆದದ್ದಲ್ಲ, ನೀನು ಕುಡಿಸಿದ್ದಕ್ಕೇ ಹತ್ತು ದಿನ ಇತ್ತು" ಎಂದು ಹೇಳಿ. ಮುಂದಿನ ಸಲ ಮರಿ ಹುಟ್ಟಿದ ಕೂಡಲೇ ಗಿಣ್ಣು ಕುಡಿಸುವಾಗ ಅವಳನ್ನೂ ಕರೆಯಿರಿ.

ತೀರ್ಥಹಳ್ಳಿ ಕಡೆಯ ಅಜ್ಜಿ (ಮೊಮ್ಮಗ ಬರೆದುಕೊಟ್ಟದ್ದು)

ಒಂದು ಕೋಳಿಯನ್ನು ಕಾವಿಗೆ ಕೂರಿಸಿ ನೋಡಮ್ಮಾ. 21 ದಿನ. ಮೊಮ್ಮಗಳ ಕೈಯಲ್ಲಿ ಕ್ಯಾಲೆಂಡರಿಗೆ ಗೆರೆ ಹಾಕಿಸಿದೆ. 11 ಮೊಟ್ಟೆ ಇಟ್ಟಿದ್ದೆವು, ಎಂಟು ಒಡೆದವು. ಅವಳು ಎಂಟು ಮರಿಗಳನ್ನು ಬಿಟ್ಟು ಆ ಮೂರು ಮೊಟ್ಟೆಯನ್ನೇ ನೋಡುತ್ತಾ ಕೂತಳು. ಎಲ್ಲ ಮೊಟ್ಟೆಯೂ ಮರಿ ಆಗುವುದಿಲ್ಲ ಎಂದೆ. ಆಮೇಲೆ ಒಂದು ಮರಿಯನ್ನು ಹದ್ದು ಒಯ್ದಿತು. ಹದ್ದಿಗೆ ಎರಡು ದಿನ ಬೈದಳು.

ಟೆಕ್ಸಾಸ್‌ನಲ್ಲಿರುವ ಹಾಸನದವರು

ಇಲ್ಲಿ ರ‍್ಯಾಂಚ್ ಮಕ್ಕಳು ಫೋರ್-ಎಚ್ ಎಂಬ ಕಾರ್ಯಕ್ರಮದಲ್ಲಿ ಕುರಿ, ಹಂದಿ, ಹೋರಿ ಸಾಕಿ, ಜಾತ್ರೆಯಂಥ ಕೌಂಟಿ ಫೇರ್‌ನಲ್ಲಿ ಹರಾಜಿಗೆ ಕೊಡುತ್ತಾರೆ. ಹೆಚ್ಚಿನವು ಮಾಂಸಕ್ಕೇ ಹೋಗುತ್ತವೆ. ಅದು ಮಕ್ಕಳಿಗೆ ಮೊದಲ ದಿನದಿಂದಲೇ ಗೊತ್ತಿರುತ್ತದೆ. ಆದರೂ ಹರಾಜಿನ ಸಂಜೆ ಕುರಿಯ ಕುತ್ತಿಗೆ ತಬ್ಬಿಕೊಂಡು ಅಳುವ ಮಕ್ಕಳನ್ನು ನೋಡಿದ್ದೇನೆ. ಗೊತ್ತಿದ್ದರೆ ಅಳು ಬರುವುದಿಲ್ಲ ಎಂದುಕೊಳ್ಳಬೇಡಿ.

ಕೇಳಿದವರು, ನಾಲ್ಕು ದಿನದ ನಂತರ

ಎಲ್ಲರಿಗೂ ಥ್ಯಾಂಕ್ಸ್. ಹೇಳಿದೆ. ಬೇಲಿಯ ಹತ್ತಿರ ಕರೆದುಕೊಂಡು ಹೋಗಿ ಜಾಗ ತೋರಿಸಿದೆ. ಮೊದಲು ಕೇಳಿದ್ದು, "ಸುಳ್ಳು ಯಾಕೆ ಹೇಳಿದೆ?" ನನಗೂ ಅಳು ಬರುತ್ತಿತ್ತು, ಅದಕ್ಕೆ ಎಂದೆ. ಆಮೇಲೆ ಅಗೆದು ನೋಡೋಣ ಎಂದಳು. ಬೇಡ ಎಂದೆ. ಡಾಕ್ಟರ್ ಮೇಡಂ ಹೇಳಿದ್ದೇ ನಿಜ. ಗಿಣ್ಣಿನ ವಿಷಯ ಹೇಳಿದ ಮೇಲೆ, "ಹಾಗಾದ್ರೆ ನಾನು ಬಿಸಿ ಹಾಲು ಕೊಟ್ಟಿದ್ದಕ್ಕೆ ಅಲ್ವಾ?" ಎಂದು ಕೇಳಿದಳು. ಒಂದು ವಾರದಿಂದ ಅದನ್ನೇ ಹೊತ್ತುಕೊಂಡು ತಿರುಗುತ್ತಿದ್ದಳು. ಬಾಟಲಿ ತೊಳೆದು ಮೇಲೆ ಇಟ್ಟಿದ್ದಾಳೆ, ಮುಂದಿನ ಮರಿಗಂತೆ.

ಬೆಲ್ಲನಿಗೆ ಬದಲಿ ಟಗರು ನೋಡಲು ಭಾನುವಾರ ಪಕ್ಕದೂರಿನ ಹಟ್ಟಿಗೆ ಹೋಗುತ್ತಿದ್ದೇವೆ. ಉಳಿದ ನಾಲ್ಕು ಎಲ್ಲಿಗೆ ಹೋಗುತ್ತವೆ ಎಂದು ನಿನ್ನೆ ರಾತ್ರಿ ಕೇಳಿದಳು. ಅದನ್ನೂ ಹೇಳಿದೆ. ಸಾರು ಬೇಡ ಎಂದು ಬರೀ ಮೊಸರನ್ನ ಉಂಡಳು.