ಬಯಲಾಟದ ಫೋಟೋ: ಐಎಸ್‌ಒ 3200ರಲ್ಲಿ ಸೀರೆಯ ಚೌಕುಳಿಯೇ ಕಾಣ್ತಿಲ್ಲ

ಕಡಲತಡಿ:
1/2.3 ಇಂಚು ಸೆನ್ಸರ್, 20 ಮೆಗಾಪಿಕ್ಸೆಲ್, 24–720 ಮಿ.ಮೀ. ಜೂಮ್. ರಾ (ಕ್ಯಾಮೆರಾ ತಿದ್ದದ ಮೂಲ ಫೈಲ್) ಇಲ್ಲ, ಮ್ಯಾನುವಲ್ ಮೋಡ್ ಇದೆ. ಬಡಗುತಿಟ್ಟಿನ ಯಕ್ಷಗಾನ ಆಟ. ರಂಗಸ್ಥಳದಿಂದ 15 ಮೀಟರ್ ದೂರ, ಕ್ಯಾಮೆರಾ ಉದ್ದಕ್ಕೆ ಹಿಡಿದು 225 ಮಿ.ಮೀ. ಜೂಮ್. ಅಪರ್ಚರ್ (ಬೆಳಕಿನ ಕಿಂಡಿ) ಎಫ್ 6.3, ಶಟರ್ 1/60 ಸೆಕೆಂಡ್, ಐಎಸ್‌ಒ (ಬೆಳಕಿನ ಸಂವೇದನೆ) 3200. ಮುಖ ಮೇಣ ಹಚ್ಚಿದ ಹಾಗೆ, ಕಪ್ಪು ಪರದೆ ತುಂಬ ಬಣ್ಣಬಣ್ಣದ ಕಲೆ, ಕೆಂಪು-ಕಪ್ಪು ಚೌಕುಳಿ ಸೀರೆ ಬರೀ ಕಂದು ಮುದ್ದೆ. ಹಗಲಲ್ಲಿ ಐಎಸ್‌ಒ 100ಕ್ಕೆ ಚೆನ್ನಾಗೇ ಬರುತ್ತೆ. ಲೆನ್ಸ್ ಹೋಗಿದೆಯಾ?

ಗುಬ್ಬಿಗೂಡು:
ಲೆನ್ಸ್ ಸರಿ ಇರಬೇಕು. ಮೆನುವಿನಲ್ಲಿ ಇಮೇಜ್ ಸೈಜ್ 5 ಮೆಗಾಪಿಕ್ಸೆಲ್‌ಗೆ ಇಳಿಸಿ ನೋಡಿ, ನಾಯ್ಸ್ (ಕಾಳುಕಾಳು ಕಲೆ) ಕಮ್ಮಿ ಆಗುತ್ತೆ.

ಮಂದಬೆಳಕು:
ಅದರಿಂದ ಪ್ರಯೋಜನ ಇಲ್ಲ. ಕ್ಯಾಮೆರಾ ಮೊದಲು ನಾಯ್ಸ್ ಒರೆಸಿ, ಆಮೇಲೆ ಸೈಜ್ ಇಳಿಸುತ್ತೆ. ಚೌಕುಳಿ ಅಷ್ಟರಲ್ಲೇ ಹೋಗಿರುತ್ತೆ. 5184×3888 ಪೂರ್ತಿ ಸೈಜಿನಲ್ಲೇ ತೆಗೆದು ಕಂಪ್ಯೂಟರಿನಲ್ಲಿ 2592×1944ಕ್ಕೆ ಇಳಿಸಿ. ನಾಲ್ಕು ಪಿಕ್ಸೆಲ್ ಸರಾಸರಿಯಾಗಿ ಒಂದಾಗುವುದರಿಂದ ಉಳಿದ ಕಾಳು ಹೆಚ್ಚುಕಮ್ಮಿ ಅರ್ಧವಾಗುತ್ತೆ.

ಇಲ್ಲಿ ತೊಂದರೆ ಎರಡು. ಕಾಳುಕಾಳು ಬರುವುದು ಬೆಳಕು ಸಾಲದ್ದಕ್ಕೆ. ಮೇಣದ ಮುಖ, ಮುದ್ದೆಯಾದ ಸೀರೆ ಬರುವುದು ಆ ಕಾಳನ್ನು ಕ್ಯಾಮೆರಾ ಒರೆಸಿದ್ದಕ್ಕೆ. ನಾಯ್ಸ್ ರಿಡಕ್ಷನ್‌ಗೆ ಕಾಳು ಯಾವುದು, ನೂಲಿನ ಗೆರೆ ಯಾವುದು ಗೊತ್ತಾಗಲ್ಲ, ಎರಡನ್ನೂ ಸಾರಿಸಿಬಿಡುತ್ತೆ. ಮೆನುವಿನಲ್ಲಿ ಅದನ್ನು ‘ಲೋ’ಗೆ ಇಡಿ, ಶಾರ್ಪ್‌ನೆಸ್ ಒಂದು ಮೆಟ್ಟಿಲು ಇಳಿಸಿ. ನೆರಳು ಎತ್ತುವ ಆಟೋ ಕಾಂಟ್ರಾಸ್ಟ್, ಡಿಆರ್‌ಒ ತರಹದ್ದೇನಿದ್ದರೂ ಆಫ್. ನಿಮ್ಮ ಕಪ್ಪು ಪರದೆಯ ಕಲೆಗಳಲ್ಲಿ ಅದರ ಪಾಲೂ ಇರುತ್ತೆ.

ಇನ್ನು ಬೆಳಕು. ಎದ್ದು ಮುಂದೆ ಹೋಗಿ ಮಾರಾಯ್ರೆ! 4 ಮೀಟರ್‌ನಿಂದ 60 ಮಿ.ಮೀ.ಗೆ ಹಿಡಿದರೂ ಅದೇ 2.4 ಮೀಟರ್ ಎತ್ತರ ಫ್ರೇಮಿಗೆ ಬರುತ್ತೆ, ಮುಂದಲೆ (ತಲೆಯ ಮೇಲಿನ ವೇಷ) ಸಮೇತ. ಜೂಮ್ ಕಡಿಮೆಯಾದರೆ ಅಪರ್ಚರ್ ತೆರೆಯುತ್ತೆ. 60ರಲ್ಲಿ ಎಫ್ 4 ಸಿಕ್ಕಿತು ಅಂತಿಟ್ಟುಕೊಳ್ಳಿ, ಐಎಸ್‌ಒ 3200 ಇದ್ದದ್ದು 1250 ಸಾಕು.

ಮೀಟರಿಂಗ್ ನೋಡಿ. ಇಡೀ ಫ್ರೇಮ್ ಅಳೆಯುವ ಮೋಡಿನಲ್ಲಿ ಕ್ಯಾಮೆರಾ ಹಿಂದಿನ ಕತ್ತಲನ್ನೂ ಲೆಕ್ಕಕ್ಕೆ ಹಿಡಿದು ಸುಮ್ಮನೆ ಐಎಸ್‌ಒ ಏರಿಸುತ್ತೆ. ಎಕ್ಸ್‌ಪೋಷರ್ −2/3 ಸ್ಟಾಪ್‌ಗೆ ಇಳಿಸಿ (ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು ಅಥವಾ ಅರ್ಧ): 1250 ಹೋಗಿ 800. ಮುಖ ಮಂಕಾಗಲ್ಲ, ಬಣ್ಣಗಾರಿಕೆ ಬಿಳಿಚಿ ಹೋಗುವುದೂ ತಪ್ಪುತ್ತೆ. ಶಟರ್ 1/60ರ ಬದಲು 1/50 ಇಡಿ. ನಮ್ಮ ಕರೆಂಟು 50 ಹರ್ಟ್ಸ್, ಅದರಲ್ಲಿ ಉರಿಯುವ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತೆ; 1/50ರಲ್ಲಿ ಸರಿಯಾಗಿ ಎರಡು ಮಿನುಗು ಕೂರುತ್ತೆ. ಇಲ್ಲದಿದ್ದರೆ ಒಂದು ಫೋಟೋ ಬೆಳಗಿ ಇನ್ನೊಂದು ಮಂಕಾಗಬಹುದು. ಈಗ ಐಎಸ್‌ಒ 640ರ ಆಸುಪಾಸಿಗೆ ಬಂತು.

ಆದರೆ 1/50ರಲ್ಲಿ ಕುಣಿತ ನಿಲ್ಲಲ್ಲ. ಅದಕ್ಕೆ 1/250 ಬೇಕು, ಐಎಸ್‌ಒ ಮತ್ತೆ 3200, ಸುತ್ತಿ ಸುತ್ತಿ ಅಲ್ಲಿಗೇ. ಹಾಗಾಗಿ ಅರ್ಥಗಾರಿಕೆ ನಡೆಯುವಾಗ, ಕುಣಿತ ಮುಗಿದು ವೇಷ ನಿಲ್ಲುವ ಗಳಿಗೆಯಲ್ಲಿ, ಮೂರು-ನಾಲ್ಕು ಫ್ರೇಮ್ ಬರ್ಸ್ಟ್ ಹೊಡೆಯಿರಿ.

ಗುಬ್ಬಿಗೂಡು:
ಸೈಜಿನ ವಿಷಯ ಸರಿ, ಒಪ್ಪಿದೆ. ಹತ್ತಿರ ಹೋದಾಗ ಫ್ಲಾಶ್ ಮಾತ್ರ ಬೇಡ. ಭುಜಕೀರ್ತಿ, ಎದೆಪದಕದ ಹೊಳಪು ಬಿಳಿ ಚುಕ್ಕೆಯಾಗುತ್ತೆ, ಕಲಾವಿದರ ಕಣ್ಣಿಗೂ ಹೊಡೆಯುತ್ತೆ.

ಕಡಲತಡಿ:
ನಿನ್ನೆ ಪ್ರಯತ್ನಿಸಿದೆ. ಮುಖ, ಮುಂದಲೆ ಬಹಳ ಸುಧಾರಿಸಿದೆ. ಆದರೆ ಕೆಂಪು ದೀಪ ಹಾಕಿದಾಗ ಸೀರೆ ಮತ್ತೆ ಮುದ್ದೆ. ಐಎಸ್‌ಒ 640ರಲ್ಲೂ!

ಮಂದಬೆಳಕು:
ಅದು ನಾಯ್ಸ್ ಅಲ್ಲ. ಕೆಂಪು ಎಲ್‌ಇಡಿಯಲ್ಲಿ ಹಸಿರು, ನೀಲಿ ಇಲ್ಲವೇ ಇಲ್ಲ ಅನ್ನಬಹುದು. ಕೆಂಪು ಚಾನೆಲ್ ತುಂಬಿ ಚೆಲ್ಲುತ್ತೆ, ಉಳಿದೆರಡು ಖಾಲಿ. ಸಾಲದ್ದಕ್ಕೆ ಇಂಥ ಕ್ಯಾಮೆರಾಗಳ ಜೆಪೆಗ್ ಸಾಮಾನ್ಯವಾಗಿ ಬಣ್ಣದ ವಿವರವನ್ನು ಹೊಳಪಿನ ವಿವರಕ್ಕಿಂತ ಕಡಿಮೆ ರೆಸಲ್ಯೂಷನ್‌ನಲ್ಲಿ ಉಳಿಸುತ್ತೆ, ಹಾಗಾಗಿ ಕೆಂಪು-ಕಪ್ಪಿನ ಸಣ್ಣ ಚೌಕುಳಿಗೆ ಎರಡು ಪೆಟ್ಟು. ಆರ್‌ಜಿಬಿ ಹಿಸ್ಟೊಗ್ರಾಮ್ (ಕೆಂಪು, ಹಸಿರು, ನೀಲಿ ಎಷ್ಟಿದೆ ತೋರಿಸುವ ನಕ್ಷೆ) ಇದ್ದರೆ ಕೆಂಪು ಗೆರೆ ಬಲತುದಿಗೆ ಅಂಟಿದೆಯಾ ನೋಡಿ, ಅಂಟಿದ್ದರೆ ಇನ್ನೂ ಒಂದು ಸ್ಟಾಪ್ ಇಳಿಸಿ. ಚೆಲ್ಲಿಹೋದದ್ದನ್ನು ವೈಟ್ ಬ್ಯಾಲೆನ್ಸ್ ವಾಪಸ್ ತರಲ್ಲ. ದೀಪ ಬಿಳಿಗೋ ಹಳದಿಗೋ ತಿರುಗುವವರೆಗೆ ಕಾಯುವುದೇ ಲೇಸು.

ಕಡಲತಡಿ:
ಕ್ಯಾಮೆರಾ ಬದಲಿಸುವುದಾದರೆ?

ಮಂದಬೆಳಕು:
ಮೆಗಾಪಿಕ್ಸೆಲ್ ನೋಡಬೇಡಿ, ಸೆನ್ಸರ್ ಅಳತೆ ನೋಡಿ. ನಿಮ್ಮದು ಸುಮಾರು 28 ಚದರ ಮಿ.ಮೀ., 1 ಇಂಚಿನದ್ದು 116. ಅಂದರೆ ಎರಡು ಸ್ಟಾಪ್. 2014ರ ಸೋನಿ ಆರ್‌ಎಕ್ಸ್100 ಮಾರ್ಕ್ 3 ಕೂಡ ಅದೇ 20 ಮೆಗಾಪಿಕ್ಸೆಲ್, ರಾ ಇದೆ, 70 ಮಿ.ಮೀ.ಗೂ ಎಫ್ 2.8, ಎಫ್ 4ಕ್ಕೆ ಹೋಲಿಸಿದರೆ ಅದು ಮೂರನೇ ಸ್ಟಾಪ್. 1/250ಕ್ಕೆ ಸುಮಾರು ಎರಡೂಕಾಲು ಖರ್ಚಾದರೂ ಮುಕ್ಕಾಲು ಉಳಿಯುತ್ತೆ. ಆದರೆ ಜೂಮ್ 70ಕ್ಕೇ ಮುಗಿಯುತ್ತೆ, ಹಿಂದಿನ ಸಾಲಿನ ಕುರ್ಚಿಯಿಂದ ಏನೂ ಆಗಲ್ಲ.